ಯಾವ ಮರಿಯನ್ನು ಹೊರಗಿಡುವುದು?

ಕೋಳಿಮರಿಗಳಲ್ಲೂ ಪುಂಡ ಮರಿ ಇರುತ್ತದೆ ಎಂದರೆ ಪೇಟೆಯ ಗೆಳತಿಯರು ನಂಬುವುದಿಲ್ಲ. ಅವರು ಕಂಡದ್ದು ಕ್ಯಾಲೆಂಡರಿನ ಮರಿ. ಹಳದಿ ಉಣ್ಣೆಯ ಉಂಡೆಗೆ ಎರಡು ಕರಿಮಣಿ ಅಂಟಿಸಿದ ಹಾಗೆ, ಅಂಗೈಯಲ್ಲಿ ಕೂತು ಚಿಂವ್ ಚಿಂವ್ ಎನ್ನುವ ಜೀವ. ಅದು ಇನ್ನೊಂದು ಮರಿಯ ಕಾಲ್ಬೆರಳನ್ನು ರಕ್ತ ಬರುವ ತನಕ ಕುಕ್ಕುತ್ತದೆ, ಓಡಿದರೆ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ ಎಂದು ಹೇಳಿದಾಗ ಒಬ್ಬಾಕೆ ನನ್ನನ್ನೇ ಅನುಮಾನದಿಂದ ನೋಡಿದರು, ಪಾಪದ ಮರಿಯ ಮೇಲೆ ನಾನು ಚಾಡಿ ಹೇಳುತ್ತಿರುವಂತೆ. ಆದರೆ ಅಂಥ ಮರಿಗಳು ಇರುತ್ತವೆ. ಅಂಥದನ್ನು ಏನು ಮಾಡಬೇಕು ಎನ್ನುವ ಪ್ರಶ್ನೆ ನನ್ನನ್ನು ಕೋಳಿಗೂಡಿನಾಚೆಗೂ ಬಹಳ ದೂರ ಎಳೆದುಕೊಂಡು ಹೋಗಿದೆ.

ಬ್ರೂಡರ್ ಎಂದರೆ ಯಾವುದೋ ದೊಡ್ಡ ಯಂತ್ರವಲ್ಲ. ತಾಯಿಯಿಲ್ಲದ ಮರಿಗಳಿಗೆ ರೆಕ್ಕೆಯ ಬದಲು ಬಲ್ಬಿನ ಕಾವು ಕೊಡುವ ಜಾಗ, ಅಷ್ಟೆ. ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ತಗಡನ್ನು ಗುಂಡಗೆ ಸುತ್ತಿ ನಿಲ್ಲಿಸುತ್ತೇವೆ. ಗುಂಡಗೇ ಇರಬೇಕು, ಮೂಲೆಗಳಿದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ. ನೆಲಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಮೊದಲ ಕೆಲವು ದಿನ ಹಳೆಯ ಪೇಪರು. ಮೇಲಿನಿಂದ ಇಳಿಬಿಟ್ಟ ಬಲ್ಬು. ಒಂದು ಮರಿಗೆ 2 ವ್ಯಾಟಿನ ಲೆಕ್ಕ. 50 ಮರಿಗೆ 100 ವ್ಯಾಟು. (ಈಗ ಅಂಗಡಿಯಲ್ಲಿ ಬಲ್ಬು ಕೇಳಿದರೆ ಎಲ್‌ಇಡಿ ಕೊಡುತ್ತಾರೆ. ಅದರಲ್ಲಿ ಬೆಳಕಿದೆ, ಕಾವಿಲ್ಲ. ಹಳೆಯ ತಂತಿ ಬಲ್ಬಿಗಾಗಿ ಹಾಸನದ ಅಂಗಡಿಗಳನ್ನೆಲ್ಲ ಸುತ್ತಬೇಕಾಯಿತು.) ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟು ಕಾವು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಬರಬೇಕು. ಥರ್ಮಾಮೀಟರು ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಚಳಿಯಾದರೆ ಬಲ್ಬಿನಡಿ ಗುಂಪುಗೂಡುತ್ತವೆ, ಸೆಕೆಯಾದರೆ ತಗಡಿಗೆ ಅಂಟಿಕೊಂಡು ಬಾಯಿ ಬಿಡುತ್ತವೆ, ಹಿತವಾಗಿದ್ದರೆ ಎಲ್ಲ ಕಡೆ ಹರಡಿಕೊಂಡು ಕಾಲು ಚಾಚಿ ಮಲಗುತ್ತವೆ.

ನಾವು ತಂದದ್ದು ಗಿರಿರಾಜ ಮರಿಗಳು, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಲ್ಲಿ ಸಾಕುವವರಿಗೆಂದೇ ರೂಪಿಸಿ 1989ರಲ್ಲಿ ಹೊರತಂದ ತಳಿ. ಒಂದು ದಿನದ 50 ಮರಿ. ನಾಲ್ಕನೆಯ ದಿನಕ್ಕೆ ಅವುಗಳಲ್ಲೊಂದು ಕಣ್ಣಿಗೆ ಬಿತ್ತು. ಬೆನ್ನ ಮೇಲೆ ಅಳಿಲಿನಂಥ ಪಟ್ಟೆಯಿದ್ದ ಕಂದು ಮರಿ. ಮೇವಿನ ತಟ್ಟೆಯ ಬಳಿ ನಿಂತು ಬಂದವುಗಳ ತಲೆಗೆ ಒಂದೊಂದು ಕೊಡುತ್ತಿತ್ತು. ಸಣ್ಣದೊಂದು ಬಿಳಿ ಮರಿಯ ಮೇಲಂತೂ ಅದಕ್ಕೆ ಏನೋ ಹಟ. ಮೇವು ಬಿಟ್ಟಾದರೂ ಹೋಗಿ ಅದರ ಬೆರಳಿಗೆ ಕುಕ್ಕುವುದು. ಸಂಜೆಯ ಹೊತ್ತಿಗೆ ಬಿಳಿ ಮರಿಯ ಬೆರಳಲ್ಲಿ ಸಾಸಿವೆಯಷ್ಟು ರಕ್ತ ಕಂಡಿತು. ಕೋಳಿಯ ಕಣ್ಣಿಗೆ ಕೆಂಪೆಂದರೆ ಸಾಕು. ಅಲ್ಲಿಯವರೆಗೆ ತಮ್ಮ ಪಾಡಿಗೆ ತಾವಿದ್ದ ಮರಿಗಳೂ ಬಂದು ಒಂದೊಂದು ಕುಕ್ಕು ಕುಕ್ಕಿ ನೋಡತೊಡಗಿದವು. ಅವುಗಳಿಗೆ ದ್ವೇಷವಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ, ನಾವೂ ನೋಡೋಣ ಎನ್ನುವ ಕುತೂಹಲ. ಕೇರಿಯಲ್ಲಿ ಒಂದು ಮನೆಯ ಸುದ್ದಿ ಹೊರಬಿದ್ದಾಗ ಬಾಗಿಲಿಗೆ ಬರುವ ನಮ್ಮಂಥವರ ಕುತೂಹಲ ಇದೆಯಲ್ಲ, ಅಂಥದ್ದೇ.

ನಮ್ಮತ್ತೆ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಹುಟ್ಟುಗುಣ ಸುಟ್ಟರೂ ಹೋಗದು ಕಣವ್ವ. ಅದು ಹಂಗೇ."

"ಅದು ಹುಟ್ಟಿ ನಾಲ್ಕು ದಿನ ಆಗಿಲ್ಲವಲ್ಲತ್ತೆ, ಗುಣ ಅನ್ನೋದು ಎಲ್ಲಿಂದ ಬಂತು?" ಅಂದೆ.

"ನಾಲ್ಕು ದಿನಕ್ಕೇ ಇಷ್ಟು ಮಾಡಿದ್ದು ನಾಲ್ಕು ತಿಂಗಳಿಗೆ ಏನು ಮಾಡೀತು, ನೀನೇ ಹೇಳು" ಅಂದರು. ಅವರ ಮಾತಿಗೆ ಎದುರು ಹೇಳಿ ಗೆದ್ದವರಿಲ್ಲ.

ಆದರೆ ಕೋಳಿ ಸಾಕಣೆಯ ತಿಳಿವಳಿಕೆ ಅತ್ತೆಯ ಗಾದೆಯ ಜೊತೆ ಹೋಗುವುದಿಲ್ಲ. ಮರಿ ಕುಕ್ಕತೊಡಗಿದರೆ ಮರಿಯ ಗುಣ ನೋಡುವ ಮೊದಲು ಬ್ರೂಡರನ್ನು ನೋಡು ಎನ್ನುತ್ತದೆ ಅದು. ಕಾವು ಹೆಚ್ಚಾಗಿದೆಯೇ? ಬೆಳಕು ಕಣ್ಣು ಕುಕ್ಕುವಷ್ಟಿದೆಯೇ? ಮೊದಲ ನಾಲ್ಕು ವಾರ ಒಂದು ಮರಿಗೆ ಅರ್ಧ ಚದರಡಿ ಜಾಗ ಬೇಕು, ಅಷ್ಟಿದೆಯೇ? ಮೇವಿನ ತಟ್ಟೆ ಎಲ್ಲಕ್ಕೂ ಎಟುಕುತ್ತದೆಯೇ? ಮೇವಿನಲ್ಲಿ ಪ್ರೋಟೀನು, ಉಪ್ಪು ಕಡಿಮೆಯಾದರೂ ಮರಿಗಳು ಒಂದನ್ನೊಂದು ಕುಕ್ಕುತ್ತವೆ. ನಮ್ಮ ಬೀದಿಯಲ್ಲೇ ಇನ್ನೊಬ್ಬಾಕೆ 100 ಮರಿ ತಂದಿದ್ದರು. ಅವರಲ್ಲಿ ಕುಕ್ಕುವುದು ಒಂದಲ್ಲ, ಹತ್ತು ಹನ್ನೆರಡು. ತಗಡಿನ ಸುತ್ತನ್ನು ದೊಡ್ಡದು ಮಾಡಿ, ಇನ್ನೂ ಎರಡು ತಟ್ಟೆ ಇಟ್ಟು, ಬಿಳಿ ಬಲ್ಬು ತೆಗೆದು ಕೆಂಪು ಬಲ್ಬು ಹಾಕಿದರು. ಕೆಂಪು ಬೆಳಕಿನಲ್ಲಿ ರಕ್ತದ ಕೆಂಪು ಎದ್ದು ಕಾಣುವುದಿಲ್ಲ. ಎರಡು ದಿನಕ್ಕೆ ಹತ್ತು ಹನ್ನೆರಡು ಪುಂಡ ಮರಿಗಳೂ ಸಾಧು ಮರಿಗಳಾದವು. ಅಂದರೆ ಅಲ್ಲಿ ಪುಂಡ ಮರಿಯೇ ಇರಲಿಲ್ಲ, ಇದ್ದದ್ದು ಇಕ್ಕಟ್ಟು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹ್ಯಾಟೆಯ ಜೊತೆ ಬೆಳೆದ ಮರಿಗಳು ಇಷ್ಟು ಕುಕ್ಕಾಡುವುದಿಲ್ಲ. ಯಾವುದು ತಿನ್ನುವಂಥದ್ದು ಎಂದು ಹ್ಯಾಟೆ ನೆಲ ಕೆದರಿ, ಕುಕ್ಕಿ ತೋರಿಸಿ, ಕರೆದು ಕಲಿಸುತ್ತದೆ. ಬ್ರೂಡರಿನ ಮರಿಗೆ ಹಾಗೆ ಕಲಿಸುವವರಿಲ್ಲ. ಕಾಳೂ ಒಂದೇ, ಪಕ್ಕದವರ ಬೆರಳೂ ಒಂದೇ, ಮಿನುಗುವ ಕಣ್ಣೂ ಒಂದೇ. ಹ್ಯಾಟೆಯ ರೆಕ್ಕೆಯೊಳಗೆ ಕತ್ತಲೆಯೂ ಇರುತ್ತದೆ. ನಿದ್ದೆ ಬಂದ ಮರಿ ಒಳಗೆ ನುಗ್ಗಿ ಮಲಗುತ್ತದೆ, ಎಚ್ಚರವಿರುವುದು ಹೊರಗೆ ಆಡುತ್ತದೆ. ಬಲ್ಬಿನ ಕೆಳಗೆ ಮಲಗಿದ ಮರಿ, ಎದ್ದ ಮರಿಯ ಕಣ್ಣಿಗೆ ಬಯಲಲ್ಲೇ ಬಿದ್ದಿರುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಕೆಲವರು ಬ್ರೂಡರಿನ ಒಂದು ಭಾಗಕ್ಕೆ ಪರದೆ ಇಳಿಬಿಟ್ಟು ಒಳಗೆ ಕತ್ತಲೆ ಮಾಡುತ್ತಾರೆ. ಅಲ್ಲಿ ಮಲಗಿ ಬೆಳೆದ ಕೋಳಿಗಳು ದೊಡ್ಡವಾದ ಮೇಲೂ ಒಂದರ ಪುಕ್ಕ ಇನ್ನೊಂದು ಕೀಳುವುದು ಕಡಿಮೆ ಎಂದು ಕಂಡುಕೊಂಡಿದ್ದಾರೆ. ಬಾಣಂತಿ ಕೋಣೆಗೆ ಕಂಬಳಿ ಇಳಿಬಿಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದನ್ನು ಹೇಳಿದ್ದರೆ, "ಇದಕ್ಕೆ ಇಷ್ಟು ಓದಬೇಕಾಗಿತ್ತಾ?" ಅನ್ನುತ್ತಿದ್ದರೇನೋ.

ಸರಿ, ನಮ್ಮ ಬ್ರೂಡರಿನಲ್ಲಿ ಜಾಗವಿತ್ತು, ಮೇವಿತ್ತು, ಕಾವು ಹಿತವಾಗಿತ್ತು. ಬಲ್ಬಿಗೆ ಕೆಂಪು ಕಾಗದದ ಮರೆಯನ್ನೂ ಕಟ್ಟಿದ್ದಾಯಿತು. ಉಳಿದ ನಲವತ್ತೆಂಟು ತಣ್ಣಗಾದವು. ಪಟ್ಟೆ ಮರಿ ಮಾತ್ರ ಬಿಳಿ ಮರಿಯನ್ನು ಬಿಡಲಿಲ್ಲ. ನನ್ನ ಯೋಚನೆ ಶುರುವಾದದ್ದು ಇಲ್ಲಿಂದ. ಎಲ್ಲಕ್ಕೂ ಸುತ್ತಲಿನ ಪರಿಸರವೇ ಕಾರಣ ಎನ್ನುವವರು ಇಷ್ಟು ಹೊತ್ತಿಗೆ ಮಾತು ಮುಗಿಸಿ ಎದ್ದಿರುತ್ತಾರೆ. ಹುಟ್ಟುಗುಣ ಎನ್ನುವವರು ಮೊದಲೇ ಎದ್ದು ಹೋಗಿರುತ್ತಾರೆ. ಬೆರಳಲ್ಲಿ ರಕ್ತವಿರುವ ಮರಿಯೊಂದು ಮಾತ್ರ ತಗಡಿಗೆ ಒತ್ತಿಕೊಂಡು ನಿಂತೇ ಇರುತ್ತದೆ.

ಒಂದನ್ನು ಬೇರೆ ಮಾಡಬೇಕು ಎನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ. ಯಾವುದನ್ನು? ಎಲ್ಲರ ಕೈಯೂ ಬಿಳಿ ಮರಿಯ ಕಡೆಗೇ ಹೋಯಿತು. ಪಾಪ, ಅದನ್ನು ತೆಗೆದು ಬುಟ್ಟಿಯಲ್ಲಿಡು, ಅಲ್ಲಿ ಅದಕ್ಕೆ ಯಾರ ಕಾಟವೂ ಇರುವುದಿಲ್ಲ. ಗಾಯಕ್ಕೆ ಔಷಧಿ ಹಚ್ಚುವ ಮಟ್ಟಿಗೆ ಈ ಮಾತು ಸರಿಯೇ. ಅರಿಶಿನ, ಎಣ್ಣೆ ಹಚ್ಚಿ, ಕೆಂಪು ಕಾಣದ ಹಾಗೆ ಮೇಲೆ ನೇರಳೆ ಬಣ್ಣದ ಔಷಧಿ ಬಳಿದರೆ ಆಗುತ್ತದೆ. ಆದರೆ ದಿನಗಟ್ಟಲೆ ಅದನ್ನೇ ಬೇರೆ ಇಟ್ಟರೆ ಆಗುವುದೇನೆಂದು ಕೋಳಿ ಸಾಕಿದವರನ್ನು ಕೇಳಿ. ಕೋಳಿಗಳಿಗೆ ಪರಿಚಯ ಬೇಗ ಮರೆಯುತ್ತದೆ. ವಾರ ಕಳೆದು ವಾಪಸು ಬಿಟ್ಟಾಗ ಆ ಮರಿ ಉಳಿದೆಲ್ಲಕ್ಕೂ ಪರಕೀಯ. ಮೊದಲು ಒಂದು ಕುಕ್ಕುತ್ತಿದ್ದಲ್ಲಿ ಈಗ ಹತ್ತು ಕುಕ್ಕುತ್ತವೆ. ತಟ್ಟೆಯ ಬಳಿ ಅದಕ್ಕಿದ್ದ ಜಾಗವೂ ಹೋಗಿರುತ್ತದೆ. ಕಾಪಾಡಲೆಂದು ತೆಗೆದಿಟ್ಟದ್ದೇ ಅದಕ್ಕೆ ಎರಡನೆಯ ಶಿಕ್ಷೆಯಾಗುತ್ತದೆ.

ಈ ಮಾತನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ಕೋಳಿಯಲ್ಲ. ಗಂಡ ಕೈಯೆತ್ತಿದ ಮನೆಯಲ್ಲಿ ಹಿರಿಯರು ಸೇರಿ ಮಾಡುವ ತೀರ್ಮಾನ ಏನು? "ನಾಲ್ಕು ದಿನ ತವರಿಗೆ ಹೋಗಿ ಬಾರಮ್ಮ, ಅವನ ಕೋಪ ಇಳೀಲಿ." ಹೋಗಬೇಕಾದವಳು ಅವಳು. ಅಡುಗೆಮನೆಯ ಡಬ್ಬಿಗಳು, ಮಕ್ಕಳ ಶಾಲೆ, ಬಾಗಿಲ ಮುಂದೆ ನೆಟ್ಟ ದಾಸವಾಳ ಎಲ್ಲ ಬಿಟ್ಟು ಹೊರಡಬೇಕಾದವಳು ಅವಳು. ಕಚೇರಿಯಲ್ಲಿ ಮೇಲಿನವನ ಕಾಟ ತಡೆಯಲಾರದೆ ದೂರು ಕೊಟ್ಟ ಹುಡುಗಿಗೆ ಒಳ್ಳೆಯ ಮನಸ್ಸಿನಿಂದಲೇ ಬೇರೆ ವಿಭಾಗ ಕೊಡುತ್ತಾರೆ. ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಹುಡುಗರು ರೇಗಿಸುತ್ತಾರೆಂದರೆ ಟ್ಯೂಷನ್ನನ್ನೇ ಬಿಡಿಸುತ್ತಾರೆ. ಯಾರೂ ಕೆಟ್ಟವರಲ್ಲ ನೋಡಿ, ಎಲ್ಲರೂ ಕಾಪಾಡುವವರೇ. ಸುಲಭಕ್ಕೆ ಕೈಗೆ ಸಿಗುವುದು ಪೆಟ್ಟು ತಿಂದದ್ದು. ಕುಕ್ಕುವುದನ್ನು ಹಿಡಿಯಹೋದರೆ ಕೈಗೂ ಕುಕ್ಕೀತು.

ನಾನು ಪಟ್ಟೆ ಮರಿಯನ್ನು ತೆಗೆದೆ. ಬ್ರೂಡರಿನ ಪಕ್ಕದಲ್ಲೇ ಒಂದು ಮಂಕರಿ, ಅದರ ಮೇಲೆ ಜಾಲರಿ, ಅದಕ್ಕೇ ಬೇರೆ ಒಂದು ಬಲ್ಬು. ಮೇವು, ನೀರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕುಕ್ಕುವ ಮರಿಯನ್ನು ಹೀಗೆ ಎರಡು ಮೂರು ದಿನ ಇಟ್ಟು ಬಿಟ್ಟರೆ ಅದರ ಪಾಳೇಗಾರಿಕೆ ತಪ್ಪುತ್ತದೆ, ಹಿಂದಿರುಗಿದಾಗ ಅದೇ ಹೊಸಬ ಎನ್ನುವುದು ಸಾಕುವವರ ಅನುಭವ. ಆದರೆ ಆ ಮೂರು ದಿನ ಮನೆಯಲ್ಲಿ ಕೂತು ಕೇಳುವುದು ಕಷ್ಟ. ಒಂಟಿ ಮರಿಯ ಕೂಗು ಹಿತವಾಗಿರುವ ಮರಿಯ ಚಿಲಿಪಿಲಿಯಂತಲ್ಲ. ಎತ್ತರದ ದನಿಯಲ್ಲಿ, ಬಿಡುವಿಲ್ಲದೆ, ಎದೆಗೆ ಚುಚ್ಚುವ ಹಾಗೆ ಕೂಗುತ್ತದೆ. ಮೊದಲ ರಾತ್ರಿ ನಮ್ಮ ಮನೆಯವರು ಎದ್ದು ಬಂದು, "ಪಾಪ ಕಣೇ, ಬಿಟ್ಟುಬಿಡು, ಎಷ್ಟು ಅಳ್ತಿದೆ ನೋಡು" ಅಂದರು. ಹುಟ್ಟುಗುಣದ ತೀರ್ಪು ಕೊಟ್ಟಿದ್ದ ಅತ್ತೆಯೇ ಬೆಳಿಗ್ಗೆ ಮಂಕರಿಯ ಬಳಿ ಕೂತು ಒಂದು ಚಿಟಿಕೆ ನುಚ್ಚು ಹಾಕುತ್ತಿದ್ದರು.

ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಬಿಳಿ ಮರಿ ಕುಕ್ಕಿಸಿಕೊಂಡ ಎರಡು ದಿನ ಒಂದು ದನಿಯನ್ನೂ ಎತ್ತಿರಲಿಲ್ಲ. ಕೋಳಿ ನೋವನ್ನು ತೋರಿಸಿಕೊಳ್ಳುವುದು ಕಡಿಮೆ. ಸುಮ್ಮನೆ ಕಣ್ಣು ಮುಚ್ಚಿ ಮುದುಡಿ ನಿಲ್ಲುತ್ತದೆ. ಹಾಗಾಗಿ ನಮ್ಮೆಲ್ಲರ ಕರುಣೆ ಕೂಗುತ್ತಿದ್ದ ಮರಿಯ ಕಡೆ ಹರಿಯಿತು. ಪಾತ್ರೆ ತೊಳೆಯುತ್ತ ಕಣ್ಣೊರೆಸಿಕೊಂಡವಳು ಯಾರಿಗೂ ಕಾಣುವುದಿಲ್ಲ. ಮನೆ ಬಿಟ್ಟು ಹೋಗೆಂದಾಗ ಜಗಲಿಯಲ್ಲಿ ಕೂತು ಗೋಳೋ ಎಂದವನು ಊರಿಗೆಲ್ಲ ಕಾಣುತ್ತಾನೆ. ಅವನ ಅಳು ಸುಳ್ಳೆಂದು ನಾನು ಹೇಳಲಾರೆ. ಪಟ್ಟೆ ಮರಿಯ ಕೂಗಂತೂ ಸುಳ್ಳಾಗಿರಲಿಲ್ಲ. ಅದಕ್ಕೆ ನಿಜವಾಗಿ ಒಂಟಿತನದ ಹೆದರಿಕೆಯಿತ್ತು. ಅದರ ಹೆದರಿಕೆ ನಿಜ, ಇದರ ಬೆರಳಿನ ಗಾಯವೂ ನಿಜ. ಎರಡೂ ನಿಜವಾದಾಗ ಮೊದಲು ಗಾಯದ ಕಡೆ ನೋಡಬೇಕು ಎಂದು ನನಗನ್ನಿಸುತ್ತದೆ. ಅದಕ್ಕೆ ಶಾಸ್ತ್ರಾಧಾರ ಕೇಳಿದರೆ ನನ್ನಲ್ಲಿಲ್ಲ.

ಕಾರಣ ಹುಡುಕುವುದಕ್ಕೂ ಕ್ಷಮಿಸುವುದಕ್ಕೂ ನಡುವೆ ಇರುವ ಗೆರೆಯನ್ನು ನಾವು ಅಳಿಸಿಬಿಡುತ್ತೇವೆ. ಪರಿಚಯದವರೊಬ್ಬರ ಮಗು ಶಿಶುವಿಹಾರದಲ್ಲಿ ಕಚ್ಚಿಸಿಕೊಂಡು ಬಂತು. ಕಚ್ಚಿದ್ದು ನಾಲ್ಕು ವರ್ಷದ ಹುಡುಗ. ಒಂದು ಸಲವಲ್ಲ, ಮೂರು ಸಲ. ಅವನ ಮನೆಯಲ್ಲಿ ಹೊಸ ಪಾಪು ಬಂದಿದೆ, ಅಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ, ಅದಕ್ಕೇ ಹಾಗಾಡುತ್ತಾನೆ ಎಂದು ಟೀಚರು ವಿವರಿಸಿದರಂತೆ. ಕಚ್ಚಿಸಿಕೊಂಡ ಮಗುವಿನ ತಾಯಿ, "ಅದೆಲ್ಲ ಸರಿ ಮೇಡಂ, ನಾಳೆ ನನ್ನ ಮಗಳು ಯಾರ ಪಕ್ಕ ಕೂತ್ಕೋತಾಳೆ ಹೇಳಿ" ಅಂದರು. ಎಷ್ಟು ಸರಿಯಾದ ಪ್ರಶ್ನೆ! ಕಾರಣ ತಿಳಿದರೆ ಹುಡುಗನ ಮೇಲಿನ ಸಿಟ್ಟು ಇಳಿಯಬಹುದು, ಇಳಿಯಬೇಕು ಕೂಡ. ಆದರೆ ತಿಳಿದ ಮಾತ್ರಕ್ಕೆ ಮಗಳ ಕೈಯ ಹಲ್ಲಿನ ಗುರುತು ಮಾಯವಾಗುವುದಿಲ್ಲ. ಹುಡುಗನನ್ನು ಶಾಲೆ ಬಿಡಿಸಿ ಎಂದು ಗಲಾಟೆ ಮಾಡಿದ ಇತರ ತಾಯಂದಿರ ಪರವೂ ನಾನಿಲ್ಲ. ಟೀಚರು ಅವನನ್ನು ಕೆಲವು ದಿನ ತಮ್ಮ ಮೇಜಿನ ಪಕ್ಕವೇ ಕೂರಿಸಿಕೊಂಡರು, ಸೀಮೆಸುಣ್ಣದ ಡಬ್ಬಿ ಹಿಡಿದುಕೊಳ್ಳುವ ಕೆಲಸ ಕೊಟ್ಟರು. ಜಾಲರಿ, ಬಲ್ಬು, ಮೇವು ಎಲ್ಲ ಇದ್ದ ಮಂಕರಿ ಅದು.

ದೊಡ್ಡ ಫಾರಂಗಳಲ್ಲಿ ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು? ಮರಿಗಳಿಗೆ ವಾರ, ಹತ್ತು ದಿನ ಆಗುವ ಹೊತ್ತಿಗೆ ಕಾದ ಅಲಗಿನಿಂದ ಎಲ್ಲದರ ಕೊಕ್ಕಿನ ತುದಿಯನ್ನೂ ಕತ್ತರಿಸಿಬಿಡುತ್ತಾರೆ. ಕುಕ್ಕುವುದು, ಕುಕ್ಕದ್ದು ಎನ್ನುವ ಭೇದವಿಲ್ಲ. ಕೊಕ್ಕೆಂದರೆ ಉಗುರಿನ ಹಾಗೆ ಎಂದುಕೊಳ್ಳಬೇಡಿ. ತುದಿಯವರೆಗೂ ನರಗಳಿವೆ, ನೋವಾಗುತ್ತದೆ. ಸಾವಿರಾರು ಕೋಳಿಗಳನ್ನು ಒಟ್ಟಿಗೆ ಕೂಡಿಹಾಕಿದ ಮೇಲೆ ಬೇರೆ ದಾರಿ ಇಲ್ಲ ಎನ್ನುತ್ತಾರೆ. ಕೂಡಿಹಾಕಿದ್ದು ಯಾರು ಎಂದು ಕೇಳುವ ಹಾಗಿಲ್ಲ. ಎಲ್ಲ ಹೆಣ್ಣುಮಕ್ಕಳೂ ಬಾಯಿ ಮುಚ್ಚಿಕೊಂಡಿದ್ದರೆ ಸಂಸಾರದಲ್ಲಿ ಜಗಳವೇ ಇರುವುದಿಲ್ಲ ಎಂದು ನಮ್ಮ ದೊಡ್ಡಪ್ಪ ಒಬ್ಬರು ಹೇಳುತ್ತಿದ್ದರು. ಕೊಕ್ಕು ಮೊಂಡು ಮಾಡುವ ಶಾಂತಿ ಅದು.

ಕೋಳಿಗಳ ಜಗಳಕ್ಕೂ ಒಂದು ಶಾಸ್ತ್ರವಿದೆ. ನಾರ್ವೆ ದೇಶದ ಥಾರ್ಲೀಫ್ ಷೆಲ್ಡೆರುಪ್-ಎಬ್ಬೆ ಎನ್ನುವಾತ ಹುಡುಗನಾಗಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟುಕೊಂಡವನು. ಹಿಂಡಿನಲ್ಲಿ ಮೇಲಿನದು ಕೆಳಗಿನದನ್ನು ಕುಕ್ಕುವ ಒಂದು ಸಾಲು ಇರುತ್ತದೆ ಎಂದು 1922ರಲ್ಲಿ ಪ್ರಕಟಿಸಿದ. ಅತ್ತೆ ಸೊಸೆಗೆ, ಸೊಸೆ ಕೆಲಸದಾಕೆಗೆ, ಕೆಲಸದಾಕೆ ತನ್ನ ಮಗುವಿಗೆ ರೇಗುವುದನ್ನು ಕಂಡವರಿಗೆ ಅದು ಹೊಸದೆನ್ನಿಸದು. ನನಗೆ ಹೊಸದೆನ್ನಿಸಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಲಿಯಂ ಮ್ಯೂರ್ 1996ರಲ್ಲಿ ಪ್ರಕಟಿಸಿದ ಪ್ರಯೋಗ. ಹೆಚ್ಚು ಮೊಟ್ಟೆಯಿಡುವ ಒಂಟಿ ಕೋಳಿಯನ್ನು ಆರಿಸಿ ತಳಿ ಬೆಳೆಸುವುದು ವಾಡಿಕೆ. ಆದರೆ ಅಕ್ಕಪಕ್ಕದವನ್ನು ಕುಕ್ಕಿ ಓಡಿಸಿ ತಾನೇ ಮೇವು ತಿಂದದ್ದರಿಂದಲೂ ಅದು ಹೆಚ್ಚು ಇಟ್ಟಿರಬಹುದಲ್ಲ? ಅವರು ಒಂಟಿ ಕೋಳಿಯನ್ನು ಆರಿಸದೆ, ಒಟ್ಟಾಗಿ ಚೆನ್ನಾಗಿ ಮೊಟ್ಟೆಯಿಟ್ಟ ಇಡೀ ಪಂಜರವನ್ನೇ ಆರಿಸುತ್ತ ಹೋದರು. ಕೊಕ್ಕು ಕತ್ತರಿಸಲಿಲ್ಲ. ಎರಡನೆಯ ಪೀಳಿಗೆಯಲ್ಲಿ ಶೇಕಡ 68ರಷ್ಟಿದ್ದ ಸಾವು ನಾಲ್ಕನೆಯದರಲ್ಲಿ ಶೇಕಡ 9ರ ಆಸುಪಾಸಿಗೆ ಇಳಿಯಿತು. ಆಗ ಅತ್ತೆಯ ಹುಟ್ಟುಗುಣದ ಗಾದೆಯಲ್ಲೂ ಹುರುಳಿದೆ ಎಂದಾಯಿತು. ಆದರೆ ಯಾವ ಗುಣ ಬೆಳೆಯುತ್ತದೆ ಎನ್ನುವುದು ನಾವು ಯಾವುದನ್ನು ಆರಿಸಿ ಮುದ್ದು ಮಾಡುತ್ತೇವೆ ಎನ್ನುವುದನ್ನೂ ಹಿಡಿದುಕೊಂಡಿದೆ. ನಮ್ಮ ಮನೆಗಳಲ್ಲಿ ತಂಗಿಯ ತಟ್ಟೆಯ ಹಪ್ಪಳ ಕಿತ್ತುಕೊಂಡ ಹುಡುಗನಿಗೆ "ಚೂಟಿ" ಅನ್ನುತ್ತೇವೆ. ಕಿತ್ತುಕೊಳ್ಳಲು ಬಿಟ್ಟವಳು "ಪೆದ್ದು".

ಇಷ್ಟೆಲ್ಲ ಕೇಳಿದ ಒಬ್ಬ ಗೆಳತಿ, ಸಸ್ಯಾಹಾರಿ, ಸುಮ್ಮನಿರಲಿಲ್ಲ. "ಆರು ತಿಂಗಳಿಗೆ ಕೊಯ್ದು ಸಾರು ಮಾಡೋ ಕೋಳಿಗೆ ಇಷ್ಟೊಂದು ನ್ಯಾಯ ಪಂಚಾಯಿತಿ ಯಾಕಮ್ಮ?" ಎಂದಳು. ಒಳ್ಳೆಯ ಪ್ರಶ್ನೆಯೇ. ಹೌದು, ಹುಂಜಗಳನ್ನು ಮಾರುತ್ತೇವೆ, ಹಬ್ಬಕ್ಕೆ ಕೊಯ್ಯುತ್ತೇವೆ. ಆದರೆ ಕೊನೆಯ ದಿನ ಹೀಗಿದೆ ಎನ್ನುವುದು ನಡುವಿನ ದಿನಗಳ ನೋವಿಗೆ ಪರವಾನಗಿಯಾಗುವುದಾದರೆ ನಮಗಾರಿಗೂ ನ್ಯಾಯ ಬೇಕಾಗಿಲ್ಲ, ಸಾಯುವುದು ನಾವೂ ತಾನೆ? ಅವಳು ಒಪ್ಪಲಿಲ್ಲ. ಅವಳು ಒಪ್ಪದಿರುವುದಕ್ಕೂ ಕಾರಣವಿದೆ, ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಪಟ್ಟೆ ಮರಿಯನ್ನು ಮೂರನೆಯ ದಿನ ಮಬ್ಬುಗತ್ತಲಾದ ಮೇಲೆ ಗುಂಪಿಗೆ ಬಿಟ್ಟೆವು. ಬೆಳಿಗ್ಗೆ ನೋಡಿದರೆ ತಟ್ಟೆಯ ಬಳಿ ಅದಕ್ಕೇ ಎರಡು ಮರಿಗಳು ಕುಕ್ಕಿದವು. ಅದು ನೀರಿನ ಬಟ್ಟಲ ಹಿಂದೆ ಹೋಗಿ ನಿಂತಿತು. ಆಮೇಲೆ ಆಗೊಮ್ಮೆ ಈಗೊಮ್ಮೆ ಕುಕ್ಕಿದ್ದುಂಟು, ಸಾಧುವೇನೂ ಆಗಲಿಲ್ಲ. ಬಿಳಿ ಮರಿಯನ್ನು ಅಟ್ಟಿಸಿಕೊಂಡು ಹೋಗುವುದು ಮಾತ್ರ ನಿಂತಿತು.

ಅದೇ ದಿನಗಳಲ್ಲಿ ನಮ್ಮ ಬೀದಿಯ ಪಿಯುಸಿ ಓದುವ ಹುಡುಗಿಗೆ ಬಸ್ಸಿನಲ್ಲಿ ಮೂವರು ಹುಡುಗರು ಕಾಟ ಕೊಡುತ್ತಿದ್ದಾರೆಂದು ತಿಳಿಯಿತು. ಅವಳ ಮನೆಯಲ್ಲಿ ಸೇರಿದ್ದವರು ಬೇರೆ ಬಸ್ಸು, ಇಲ್ಲವೇ ಅಕ್ಕನ ಊರಿನ ಕಾಲೇಜು ಎಂದು ಮಾತಾಡುತ್ತಿದ್ದರು. ಬೇರೆ ಬಸ್ಸೆಂದರೆ ಒಂದು ಗಂಟೆ ಮೊದಲಿನದು. ಬೆಳಿಗ್ಗೆ ಕತ್ತಲಲ್ಲಿ ಏಳಬೇಕು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಮಾತಾಡಲಿಲ್ಲ. ಅವಳ ಅಜ್ಜಿ ಎದ್ದು, "ಅವಳ್ಯಾಕೆ ಬಸ್ಸು ಬಿಡಬೇಕು? ಅವರು ಬಿಡಲಿ" ಎಂದರು. ಮಾರನೆಯ ದಿನದಿಂದ ಅಜ್ಜಿಯೂ ಅದೇ ಬಸ್ಸು ಹತ್ತಿದರು, ಹದಿನೈದು ದಿನ. ಎರಡನೆಯ ದಿನ ಕಂಡಕ್ಟರನ್ನು ಕರೆದು ಆ ಮೂವರನ್ನು ಬೆರಳು ಮಾಡಿ ತೋರಿಸಿದರಂತೆ. ಅವನು ಅವರನ್ನು ಹಿಂದಿನ ಬಾಗಿಲಿಗೆ ಅಟ್ಟಿ, ಮತ್ತೆ ಮುಂದೆ ಬಂದರೆ ಇಳಿಸಿಬಿಡುತ್ತೇನೆ ಎಂದ. ಮೂವರಲ್ಲೊಬ್ಬ ಅಜ್ಜಿಯ ದೂರದ ನೆಂಟರ ಹುಡುಗ. ಅವನಪ್ಪ ಬಂದು, "ಅಷ್ಟು ಜನರ ಮುಂದೆ ನನ್ನ ಮಗನ ಮರ್ಯಾದೆ ತೆಗೆದಿರಲ್ಲ ಚಿಕ್ಕಮ್ಮ, ಎರಡು ದಿನದಿಂದ ಊಟ ಬಿಟ್ಟಿದ್ದಾನೆ" ಎಂದಾಗ ಅಜ್ಜಿ ಅವನಿಗೆ ಕಾಫಿ ಕೊಟ್ಟು, "ಹುಡುಗನ್ನ ಕಳಿಸಪ್ಪ, ನಾನೇ ಉಣ್ಣಿಸ್ತೀನಿ. ಬಸ್ಸಲ್ಲಿ ಮಾತ್ರ ಅವನು ಹಿಂದೇನೇ ನಿಲ್ಲಬೇಕು" ಎಂದರಂತೆ.